ಮಲೆನಾಡಿನ ಮಣ್ಣಲ್ಲಿ ಸಿಕ್ಕ ಕಾಲಿಲ್ಲದ ಜೀವಿ ಹಾವೋ, ಹಾವುರಾಣಿಯೋ? ಗುರುತಿಸಿ ವರ್ಗೀಕರಿಸುವ ಸಮಗ್ರ ಮಾರ್ಗದರ್ಶಿ

ಆರಿದ್ರಾ ಮಳೆ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದವರ ಫೋನುಗಳಲ್ಲಿ ಒಂದೇ ಬಗೆಯ ಫೋಟೊ ಓಡಾಡತೊಡಗುತ್ತದೆ. ಬಸಿಗಾಲುವೆ ಬಿಡಿಸುವಾಗಲೋ ಗೊಬ್ಬರದ ಗುಂಡಿ ಖಾಲಿ ಮಾಡುವಾಗಲೋ ಸಿಕ್ಕ, ಕಾಲಿಲ್ಲದ, ಮಿರಮಿರ ಮಿಂಚುವ ಒಂದು ಜೀವಿ. ಕೆಳಗೆ ‘ಇದು ಎಂಥ ಹಾವು?’ ಎಂಬ ಪ್ರಶ್ನೆ. ಒಬ್ಬರು ಎರಡು ತಲೆ ಹಾವು ಅನ್ನುತ್ತಾರೆ, ಇನ್ನೊಬ್ಬರು ನಾಗರದ ಮರಿ ಅನ್ನುತ್ತಾರೆ, ಮತ್ತೊಬ್ಬರಿಗೆ ಅದು ದೊಡ್ಡ ಎರೆಹುಳ. ಈಚೆಗೆ ‘ಕಾಲಿಲ್ಲದ ಹಾವುರಾಣಿ’ ಎಂಬ ಉತ್ತರವೂ ಬರುತ್ತಿದೆ. ಅಂತರ್ಜಾಲದಲ್ಲಿ ಕಂಡ ಆಫ್ರಿಕಾದ್ದೋ ಆಸ್ಟ್ರೇಲಿಯಾದ್ದೋ ಚಿತ್ರ ಜೊತೆಗಿರುತ್ತದೆ.

ಮೊದಲೇ ಹೇಳಿಬಿಡುತ್ತೇನೆ: ಮಲೆನಾಡಿನಿಂದ ಪೂರ್ತಿ ಕಾಲಿಲ್ಲದ ಹಾವುರಾಣಿ ಇದುವರೆಗೆ ದಾಖಲಾಗಿಲ್ಲ. ಆದರೆ ಅಂಥವು ಪ್ರಪಂಚದಲ್ಲಿ ಬೇಕಾದಷ್ಟಿವೆ, ನಮ್ಮದೇ ದೇಶದ ಪೂರ್ವ ಕರಾವಳಿಯಲ್ಲಿವೆ, ಪಕ್ಕದ ಶ್ರೀಲಂಕಾದಲ್ಲಿವೆ. ನಮ್ಮ ಮಣ್ಣಲ್ಲಿ ಸಿಗುವುದು ಯಾವುದು, ಅಲ್ಲಿಯದು ಯಾವುದು, ಅವುಗಳ ನಡುವಿನ ನೆಂಟಸ್ತನ ಎಂಥದು ಎಂದು ತಿಳಿಯಬೇಕಾದರೆ ‘ಕಾಲಿಲ್ಲ’ ಎನ್ನುವ ಲಕ್ಷಣವನ್ನು ಸ್ವಲ್ಪ ಹೊತ್ತು ಬದಿಗಿಡಬೇಕು. ಮಣ್ಣೊಳಗೆ ಬದುಕುವವರಿಗೆ ಕಾಲು ಅಡ್ಡಿ, ಹಾಗಾಗಿ ಸಂಬಂಧವೇ ಇಲ್ಲದ ಎಷ್ಟೋ ವಂಶಗಳು ಬೇರೆ ಬೇರೆ ಕಾಲದಲ್ಲಿ ಅದನ್ನು ಬಿಟ್ಟಿವೆ. ಹಲ್ಲಿ–ಹಾವುಗಳ ದೊಡ್ಡ ಗುಂಪೊಂದರಲ್ಲೇ ಹಾವಿನಂಥ ಮೈ ಸುಮಾರು 25 ಸಲ ಸ್ವತಂತ್ರವಾಗಿ ಮೂಡಿದೆ ಎಂಬುದು ಜೀವವಿಜ್ಞಾನಿಗಳ ಲೆಕ್ಕ.

ತೋಟದಲ್ಲಿ ನಾವು ಮಾಡುವ ಗೊಂದಲವನ್ನೇ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ ಕೂಡ ಮಾಡಿದ್ದ. 1758ರಲ್ಲಿ ಪ್ರಾಣಿಗಳಿಗೆಲ್ಲ ಹೆಸರಿಡುತ್ತ ಕೂತಾಗ ನಿಜವಾದ ಹಾವುಗಳು, ಕಾಲಿಲ್ಲದ ಹಲ್ಲಿಗಳು, ಕಪ್ಪೆಯ ಬಳಗಕ್ಕೆ ಸೇರಿದ ಸಿಸಿಲಿಯನ್‌ಗಳು ಎಲ್ಲವನ್ನೂ ಅವನು ‘ಸರ್ಪ’ಗಳೆಂದು ಒಂದೇ ಕಡೆ ಇಟ್ಟ. ದಕ್ಷಿಣ ಆಫ್ರಿಕಾದ ಕಾಲಿಲ್ಲದ ಹಾವುರಾಣಿಯೊಂದು ಅವನ ಪಟ್ಟಿಗೆ ಬಂದದ್ದು ಆಂಗ್ವಿಸ್ ಎಂಬ ಕುಲದ ಹೆಸರಲ್ಲಿ. ಇಂದು ಅದು ಅಕಾಂಟಿಯಾಸ್ ಮೆಲಿಯಾಗ್ರಿಸ್. ಆಮೇಲಿನವರ ಕೆಲಸವೆಲ್ಲ ಆ ಒಂದೇ ರಾಶಿಯನ್ನು ಬಿಡಿಸುವುದಾಯಿತು. ಅದೇ ಬಿಡಿಸುವ ಕೆಲಸವನ್ನು ನಮ್ಮ ತೋಟದ ಅಂಚಿನಲ್ಲಿ ಮಾಡುವುದು ಹೇಗೆ ಎಂದು ಮುಂದೆ ಹೇಳುತ್ತೇನೆ.

ಹೆಜ್ಜೆ 1: ಕೈ ಹಾಕುವ ಮೊದಲು

ಮಣ್ಣೊಳಗಿನ ಕಾಲಿಲ್ಲದ ಜೀವಿಗಳಲ್ಲಿ ಹೆಚ್ಚಿನವು ಮನುಷ್ಯರಿಗೆ ಏನೂ ಮಾಡುವುದಿಲ್ಲ. ಆದರೂ ಬರಿಗೈಯಲ್ಲಿ ಎತ್ತಬೇಡಿ. ಅದೇ ದರಗಿನ ಅಡಿಯಲ್ಲಿ ಹವಳದ ಹಾವು ಇರುತ್ತದೆ. ತೆಳ್ಳಗಿನ ಮೈ, ಸಣ್ಣ ತಲೆ, ಸೌಮ್ಯ ಸ್ವಭಾವ ಎಲ್ಲ ಇದ್ದರೂ ಅದು ನಾಗರಹಾವಿನ ಕುಟುಂಬದ ವಿಷದ ಹಾವು. ಕಟ್ಟುಹಾವಿನ ಮರಿ, ದರಗಿನ ಬಣ್ಣದಲ್ಲೇ ಕರಗಿ ಕೂರುವ ಗುಳಿಮಂಡಲ ಇವೂ ಸಿಗಬಹುದು. ಪಕ್ಕಾ ಗೊತ್ತಾಗುವವರೆಗೂ ವಿಷದ್ದೆಂದೇ ಭಾವಿಸಿ, ಒಂದು ಮಾರು ದೂರದಿಂದ ಮೊದಲ ಫೋಟೊ ತೆಗೆಯಿರಿ. ಫೋನಿನ ಜೂಮ್ ಸಾಕು. ಕೆಳಗೆ ಹೇಳುವ ಕಣ್ಣು, ಹೊಟ್ಟೆ, ಬಾಲದ ಪರೀಕ್ಷೆಯೆಲ್ಲ ಕಣ್ಣಲ್ಲೋ ಫೋಟೊದಲ್ಲೋ ಮಾಡುವಂಥವು, ಮುಟ್ಟಿ ಮಾಡುವಂಥವಲ್ಲ.

ಗುದ್ದಲಿಯ ದಾರಿಯಿಂದ ಅದನ್ನು ಸರಿಸಲೇಬೇಕಾದರೆ ಒಂದು ಅಡಿಕೆ ಹಾಳೆಯನ್ನು ಅದರ ಮುಂದೆ ಹಿಡಿದು, ಉದ್ದ ಕೋಲಿನಿಂದ ಮೆಲ್ಲಗೆ ತಳ್ಳಿ, ತಾನಾಗಿ ಹಾಳೆಗೆ ಏರಲು ಬಿಡಿ.

ಹೆಜ್ಜೆ 2: ಒದ್ದೆ ಚರ್ಮವೋ, ಹುರುಪೆಯೋ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಇಲ್ಲಿ ಎಡವಿದರೆ ಮುಂದಿನದೆಲ್ಲ ದಾರಿ ತಪ್ಪುತ್ತದೆ.

ಮೈ ಲೋಳೆ ಲೋಳೆಯಾಗಿ, ಹುರುಪೆ ಇಲ್ಲದೆ, ಮೈ ಸುತ್ತ ಉಂಗುರ ಉಂಗುರವಾಗಿ ಗೆರೆಗಳಿದ್ದರೆ ನಿಮ್ಮ ಮುಂದಿರುವುದು ಸರೀಸೃಪವೇ ಅಲ್ಲ. ಎರೆಹುಳ ಇರಬಹುದು, ಸಿಸಿಲಿಯನ್ ಇರಬಹುದು. ಎರೆಹುಳಕ್ಕೆ ಬೆನ್ನೆಲುಬಿಲ್ಲ, ದವಡೆ ಇಲ್ಲ. ಎತ್ತಿದರೆ ಜೋತು ಬೀಳುತ್ತದೆ. ಸಿಸಿಲಿಯನ್‌ಗೆ ಗಟ್ಟಿ ತಲೆಬುರುಡೆ, ಸರಿಯಾದ ಬಾಯಿ, ಹಲ್ಲು ಎಲ್ಲ ಇವೆ. ಅದು ಮಣ್ಣನ್ನು ತಲೆಯಿಂದಲೇ ತಳ್ಳಿಕೊಂಡು ಹೋಗುತ್ತದೆ. ಕಪ್ಪೆ, ನೆಲಗಪ್ಪೆಗಳ ಉಭಯಚರ ವರ್ಗದ್ದೇ ಇನ್ನೊಂದು ಕವಲು ಅದು.

ಹತ್ತಿರದಿಂದ ನೋಡಿ. ಇಕ್ತಿಯೋಫಿಸ್ ಕುಲದ ಸಿಸಿಲಿಯನ್ ಆದರೆ ನೇರಳೆ ಛಾಯೆಯ ಕಂದು ಮೈ, ಹಲವು ಪ್ರಭೇದಗಳಲ್ಲಿ ಎರಡೂ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಹಳದಿ ಪಟ್ಟೆ. ಕಣ್ಣು ಚರ್ಮದಡಿ ಮಂಕಾದ ಚುಕ್ಕಿ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ, ತುಟಿಯ ಅಂಚಿಗೆ ಹತ್ತಿರ, ಒಂದು ಪುಟ್ಟ ಬಿಳಿ ಮೊಳಕೆ ಹೊರಬಂದು ಒಳಹೋಗುತ್ತದೆ. ಅದೇ ಸ್ಪರ್ಶಾಂಗ. ಮಣ್ಣಿನ ವಾಸನೆ, ಬೇಟೆಯ ಸುಳಿವನ್ನು ಹಿಡಿಯುವುದು ಅದರಿಂದ. ಪ್ರಪಂಚದ ಬೇರಾವ ಬೆನ್ನೆಲುಬಿನ ಪ್ರಾಣಿಗೂ ಇಂಥದ್ದಿಲ್ಲ. ಅದನ್ನು ಕಂಡಿರಾದರೆ ಗುರುತು ಮುಗಿಯಿತು, ಇನ್ನೇನೂ ನೋಡಬೇಕಾಗಿಲ್ಲ.

ಗೆಗೆನಿಯೋಫಿಸ್ ಕುಲದವು ಇನ್ನೂ ತೆಳ್ಳಗೆ, ಮಾಸಲು ಗುಲಾಬಿ ಬಣ್ಣದವು, ಬಾಲವೇ ಇಲ್ಲದವು; ಎರೆಹುಳವೆಂದು ಮೋಸಹೋಗುವುದು ಹೆಚ್ಚು ಇವುಗಳಿಂದ. ಪಶ್ಚಿಮಘಟ್ಟದಲ್ಲಿ ಈ ಗುಂಪಿನ ಹೊಸ ಪ್ರಭೇದಗಳು ಈಗಲೂ ಸಿಗುತ್ತಿವೆ. ಮೂಕಾಂಬಿಕಾ ಅಭಯಾರಣ್ಯದ ಆಸುಪಾಸಿನಿಂದ ಗೆಗೆನಿಯೋಫಿಸ್ ಮಾಧವೈ ಎಂಬುದನ್ನು ಗೋಪಾಲಕೃಷ್ಣ ಭಟ್ಟ ಮತ್ತು ಶ್ರೀನಿವಾಸ ಅವರು 2004ರಲ್ಲಿ ವಿವರಿಸಿದರು. ಕೊಲ್ಲೂರು ಘಾಟಿ ಹತ್ತಿದರೆ ನಮ್ಮ ನಿಟ್ಟೂರು, ಹೊಸನಗರ. ಅಷ್ಟು ಹತ್ತಿರದ ಮಣ್ಣಲ್ಲಿ ಇಪ್ಪತ್ತೊಂದನೆಯ ಶತಮಾನದಲ್ಲಿ ಹೆಸರಿಲ್ಲದ ಬೆನ್ನೆಲುಬಿನ ಪ್ರಾಣಿಯೊಂದಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

ಸಿಸಿಲಿಯನ್ ಎಂದು ತಿಳಿದ ಮೇಲೆ ಬಿಸಿಲಲ್ಲಿ ಇಟ್ಟುಕೊಂಡು ಫೋಟೊ ತೆಗೆಯುತ್ತ ಕೂರಬಾರದು. ಚರ್ಮ ಒಣಗಿದರೆ ಅದು ಉಸಿರಾಡಲಾರದು. ಅದರ ಚರ್ಮದ ಲೋಳೆಯಲ್ಲಿ ನಂಜಿನ ಅಂಶವೂ ಇರುವುದರಿಂದ, ಅಕಸ್ಮಾತ್ ಮುಟ್ಟಿದರೆ ಕಣ್ಣುಜ್ಜಿಕೊಳ್ಳುವ ಮೊದಲು ಕೈ ತೊಳೆಯಿರಿ. ಇಕ್ತಿಯೋಫಿಸ್ ತಾಯಿ ಒದ್ದೆ ಮಣ್ಣಿನ ಗೂಡಲ್ಲಿ ಮೊಟ್ಟೆಗಳ ಸುತ್ತ ಸುತ್ತಿಕೊಂಡು ಕಾಯುತ್ತದೆ. ಹಳ್ಳದ ದಂಡೆಯ ಧರೆ ಕಡಿಯುವಾಗ ಹಾಗೆ ಸುತ್ತಿಕೊಂಡದ್ದು ಕಂಡರೆ ಮಣ್ಣು ಮುಚ್ಚಿ ಅಲ್ಲೇ ಬಿಟ್ಟುಬಿಡಿ.

ಹೆಜ್ಜೆ 3: ಹುರುಪೆ ಇದ್ದರೆ, ಹಾವೋ ಹಲ್ಲಿಯ ಬಳಗವೋ

ಇಲ್ಲಿ ನಾಲ್ಕು ಕಡೆ ಕಣ್ಣು ಹಾಯಬೇಕು.

ಮೊದಲನೆಯದು ಕಣ್ಣು. ರೆಪ್ಪೆ ಮುಚ್ಚಿ ತೆರೆದರೆ ಅದು ಹಾವಲ್ಲ. ಹಾವಿಗೆ ರೆಪ್ಪೆಯೇ ಇಲ್ಲ, ಪಾರದರ್ಶಕ ಹುರುಪೆಯೊಂದು ಕಣ್ಣನ್ನು ಮುಚ್ಚಿರುತ್ತದೆ. ಹಾವುರಾಣಿಗಳಲ್ಲಿ ಹೆಚ್ಚಿನವಕ್ಕೆ ಅಲುಗುವ ಕೆಳರೆಪ್ಪೆ ಇದೆ. ಆದರೆ ಇದನ್ನೇ ಕೊನೆಯ ಮಾತೆಂದು ಹಿಡಿಯಬೇಡಿ: ಮಣ್ಣಿನ ಆಳಕ್ಕೆ ಇಳಿದ ಕೆಲವು ಹಾವುರಾಣಿಗಳಲ್ಲಿ, ಉದಾಹರಣೆಗೆ ಆಫ್ರಿಕಾದ ಟಿಫ್ಲೊಸಾರಸ್ ಮತ್ತು ಫೇಲಿನಿಯಾಗಳಲ್ಲಿ, ಕಣ್ಣು ಹುರುಪೆಯಡಿ ಹೂತುಹೋಗಿದೆ.

ಎರಡನೆಯದು ಕಿವಿ. ತಲೆಯ ಪಕ್ಕದಲ್ಲಿ ಸೂಜಿಮೊನೆಯಷ್ಟಾದರೂ ತೂತು ಕಂಡರೆ ಹಲ್ಲಿಯ ಬಳಗ. ಹಾವಿಗೆ ಹೊರಗಿವಿ ಇಲ್ಲ. ಬಿಲ ಕೊರೆಯುವ ಹಾವುರಾಣಿಗಳಲ್ಲಿ ಇದೂ ಮುಚ್ಚಿಹೋಗಿರಬಹುದು, ಹಾಗಾಗಿ ತೂತು ಇದ್ದರೆ ಅದು ಸಾಕ್ಷ್ಯ, ಇಲ್ಲದಿದ್ದರೆ ಏನೂ ತೀರ್ಮಾನಿಸುವ ಹಾಗಿಲ್ಲ.

ಮೂರನೆಯದು ಹೊಟ್ಟೆ. ಕೇರೆ, ನಾಗರದಂಥ ಹಾವುಗಳಲ್ಲಿ ಹೊಟ್ಟೆಯ ಅಡ್ಡಗಲಕ್ಕೂ ಒಂದೊಂದೇ ಅಗಲವಾದ ಹುರುಪೆ ಸಾಲಾಗಿ ಜೋಡಿಸಿರುತ್ತದೆ. ಹಾವುರಾಣಿಯಲ್ಲಿ ಹೊಟ್ಟೆಯ ಮೇಲೂ ಬೆನ್ನಿನ ಮೇಲಿನಂತೆಯೇ ಹಲವು ಸಾಲು ಸಣ್ಣ ಹುರುಪೆಗಳು. ಇಲ್ಲಿಯೂ ಒಂದು ತೊಡಕಿದೆ. ಕುರುಡು ಹಾವಿನ ಹೊಟ್ಟೆ, ಬೆನ್ನು ಎರಡೂ ಒಂದೇ ಥರ. ಗುರಾಣಿ ಬಾಲದ ಹಾವುಗಳಲ್ಲಿ ಹೊಟ್ಟೆಯ ಹುರುಪೆ ಅಕ್ಕಪಕ್ಕದ್ದಕ್ಕಿಂತ ಸ್ವಲ್ಪ ಮಾತ್ರ ಅಗಲ.

ನಾಲ್ಕನೆಯದು ಬಾಲ. ಗುದದ್ವಾರದಿಂದ ತುದಿಯವರೆಗಿನ ಭಾಗ ಮಾತ್ರ ಬಾಲ ಎಂದು ನೆನಪಿರಲಿ. ಕಾಲಿಲ್ಲದ ಪ್ರಾಣಿಯನ್ನು ನೋಡುವಾಗ ಮೈಯೆಲ್ಲ ಬಾಲವೆಂದೇ ತೋರುತ್ತದೆ. ಮಣ್ಣಿನ ಹಾವುಗಳಲ್ಲಿ ಈ ಭಾಗ ತೀರ ಮೋಟು. ಹಾವುರಾಣಿಗಳಲ್ಲಿ ಅದಕ್ಕಿಂತ ಉದ್ದ, ಮತ್ತು ಹೆಚ್ಚಿನವುಗಳಲ್ಲಿ ಅಪಾಯ ಬಂದಾಗ ಕಳಚಿ ಬಿದ್ದು ಮತ್ತೆ ಬೆಳೆಯುವಂಥದ್ದು. ಬಾಲದ ಅರ್ಧದಲ್ಲಿ ಬಣ್ಣ, ಹುರುಪೆಯ ವಿನ್ಯಾಸ ಒಮ್ಮೆಲೇ ಬದಲಾಗಿದ್ದರೆ ಅದು ಹೊಸದಾಗಿ ಬೆಳೆದ ಬಾಲ. ಹಾವಿನ ಬಾಲ ಹಾಗೆ ಮತ್ತೆ ಬೆಳೆಯುವುದಿಲ್ಲ.

ನಾಲ್ಕನ್ನೂ ಒಟ್ಟಿಗೆ ಇಟ್ಟುಕೊಂಡು ತೀರ್ಮಾನಿಸಬೇಕು. ಒಂದೇ ಲಕ್ಷಣ ನಂಬಿದವರು ಮಣ್ಣಿನ ಜೀವಿಗಳ ವಿಷಯದಲ್ಲಿ ಯಾವಾಗಲೂ ಸೋಲುತ್ತಾರೆ, ಏಕೆಂದರೆ ಮಣ್ಣು ಎಲ್ಲರ ಕಣ್ಣನ್ನೂ ಕಿರಿದು ಮಾಡುತ್ತದೆ, ಎಲ್ಲರ ಕಿವಿಯನ್ನೂ ಮುಚ್ಚುತ್ತದೆ, ಎಲ್ಲರ ಮೂತಿಯನ್ನೂ ಚೂಪು ಮಾಡುತ್ತದೆ.

ಈ ಹಂತದಲ್ಲಿ ನಮ್ಮ ಕಡೆಯ ಫೋಟೊಗಳಲ್ಲಿ ಹೆಚ್ಚಿನವು ಹಾವಿನ ಕಡೆಗೇ ಬೀಳುತ್ತವೆ. ಎರಡು ಗುಂಪು ಗೊತ್ತಿದ್ದರೆ ಸಾಕು.

ಒಂದು, ಕುರುಡು ಹಾವು. ಹೂಕುಂಡದಲ್ಲಿ, ಸಗಣಿ ಗೊಬ್ಬರದಲ್ಲಿ, ಬಚ್ಚಲ ಹಿಂದಿನ ತೇವದಲ್ಲಿ ಸಿಗುವ, ದಾರದಷ್ಟು ತೆಳ್ಳಗಿನ ಕರಿಗಂದು ಜೀವಿ. ಎರಡೂ ತುದಿ ಒಂದೇ ಥರ ಕಾಣುತ್ತದೆ, ಬಾಲದ ತುದಿಯಲ್ಲಿ ಸಣ್ಣ ಮುಳ್ಳು. ಇರುವೆ, ಗೆದ್ದಲುಗಳ ಮೊಟ್ಟೆ–ಮರಿ ಇದರ ಆಹಾರ. ಎಲ್ಲೆಡೆ ಸಿಗುವ ಇಂಡೊಟಿಫ್ಲಾಪ್ಸ್ ಬ್ರಾಮಿನಸ್ ಪ್ರಭೇದದಲ್ಲಿ ಇರುವುದೆಲ್ಲ ಹೆಣ್ಣೇ. ಗಂಡಿಲ್ಲದೆ ಸಂತಾನ ಬೆಳೆಸುತ್ತವೆ. ಒಂದೇ ಒಂದು ಹಾವು ಹೂಕುಂಡದ ಮಣ್ಣಲ್ಲಿ ಕೂತು ಹಡಗು ಹತ್ತಿದರೂ ಹೊಸ ಊರಲ್ಲಿ ವಂಶ ಬೆಳೆಯುತ್ತದೆ, ಹಾಗಾಗಿಯೇ ಅದು ಪ್ರಪಂಚದ ಬೆಚ್ಚಗಿನ ನಾಡುಗಳನ್ನೆಲ್ಲ ಮುಟ್ಟಿದೆ.

ಎರಡು, ಗುರಾಣಿ ಬಾಲದ ಹಾವುಗಳು. ಈ ಕುಟುಂಬ ಪ್ರಪಂಚದಲ್ಲಿ ದಕ್ಷಿಣ ಭಾರತದ ಪರ್ಯಾಯದ್ವೀಪ ಮತ್ತು ಶ್ರೀಲಂಕಾ ಬಿಟ್ಟು ಬೇರೆಲ್ಲೂ ಇಲ್ಲ. ಚೂಪು ತಲೆ, ಕಾಮನಬಿಲ್ಲಿನ ಛಾಯೆ ಚಿಮ್ಮುವ ನುಣುಪು ಮೈ. ಬಾಲ ಓರೆಯಾಗಿ ಕತ್ತರಿಸಿದಂತೆ ಮೋಟು, ಅದರ ಮೇಲಿನ ಒರಟು ಫಲಕಕ್ಕೆ ಮಣ್ಣು ಅಂಟಿಕೊಂಡಿರುತ್ತದೆ. ಹಿಂದಿನಿಂದ ಬರುವ ಶತ್ರುವಿಗೆ ಬಿಲದ ಬಾಯಿ ಮುಚ್ಚುವ ಬಾಗಿಲು ಅದು. ತಿನ್ನುವುದು ಎರೆಹುಳ, ಹೆರುವುದು ನೇರ ಮರಿ. ‘ಎರಡು ತಲೆ ಹಾವು’ ಎಂದು ಮಲೆನಾಡಲ್ಲಿ ಬಡಿಸಿಕೊಳ್ಳುವುದು ಎಷ್ಟೋ ಸಲ ಇದೇ. ಆ ಹೆಸರು ನಿಜಕ್ಕೂ ಸಲ್ಲುವ ಮಣ್ಣುಮುಕ್ಕ ಹಾವು ಒಣನೆಲದ್ದು, ಬಯಲುಸೀಮೆ ಕಡೆಯದ್ದು. ಎರಡನ್ನೂ ಹಿಡಿದು ಮಾರುವುದು ಕಾನೂನು ಪ್ರಕಾರ ಅಪರಾಧ. ಮಣ್ಣುಮುಕ್ಕದ ಹೆಸರಲ್ಲಿ ನಡೆಯುವ ಅದೃಷ್ಟದ ವ್ಯಾಪಾರವೆಲ್ಲ ಶುದ್ಧ ಮೋಸ.

ಹೆಜ್ಜೆ 4: ಕಾಲು ನಿಜವಾಗಿಯೂ ಇಲ್ಲವೇ?

ರೆಪ್ಪೆ ಮಿಟುಕಿಸಿತು, ಕಿವಿಯ ತೂತು ಕಂಡಿತು, ಮೈ ನುಣ್ಣಗೆ ಹೊಳೆಯುತ್ತಿದೆ, ಆದರೆ ಕಾಲು ಕಾಣುತ್ತಿಲ್ಲ. ಹೀಗಾದಾಗ ಮತ್ತೊಮ್ಮೆ, ಕುತ್ತಿಗೆಯ ಹಿಂದೆ ಮತ್ತು ಗುದದ್ವಾರದ ಮುಂದೆ ಫೋಟೊ ದೊಡ್ಡದು ಮಾಡಿ ನೋಡಿ.

ನಮ್ಮಲ್ಲಿ ರಿಯೋಪಾ ಎಂಬ ಕುಲದ ಹಾವುರಾಣಿಗಳಿವೆ. ಅಂಗಳದಲ್ಲಿ ಬಿಸಿಲು ಕಾಯುವ ದಪ್ಪ ಹಾವುರಾಣಿ ಯೂಟ್ರೋಪಿಸ್ ಕುಲದ್ದು, ಅದರ ಕಾಲು ಯಾರಿಗಾದರೂ ಕಾಣುತ್ತದೆ. ರಿಯೋಪಾ ಹಾಗಲ್ಲ. ನೀಳ ಮೈ, ದಪ್ಪ ಬಾಲ, ಮೈಯಲ್ಲಿ ಚುಕ್ಕಿಗಳ ಸಾಲು, ಮರಿಗಳಾದರೆ ಕೆಲವಕ್ಕೆ ಕೆಂಪು ಬಾಲ. ಕಾಲು ನಾಲ್ಕೂ ಇವೆ, ಬೆರಳು ಐದೈದು ಇವೆ, ಆದರೆ ಎಲ್ಲ ಮೋಟು. ಜಂಬಿಟ್ಟಿಗೆ ಕಲ್ಲು ಎತ್ತಿದ ಕ್ಷಣದಲ್ಲಿ ಅದು ಕಾಲನ್ನು ಮೈಗೆ ಒತ್ತಿ ಮಡಚಿ, ಮೈ ಬಳುಕಿಸಿ ದರಗಿನೊಳಗೆ ನುಗ್ಗುತ್ತದೆ. ಆ ಕ್ಷಣದ ಫೋಟೊದಲ್ಲಿ ಕಾಲಿರುವುದಿಲ್ಲ. ‘ಕಾಲಿಲ್ಲದ ಹಾವುರಾಣಿ ಕಂಡೆ’ ಎಂಬ ಮಲೆನಾಡಿನ ಮಾತು ಬಹಳ ಸಲ ಹುಟ್ಟುವುದು ಇಲ್ಲಿಂದ.

ಪಶ್ಚಿಮಘಟ್ಟಕ್ಕೇ ಸೀಮಿತವಾದ ರಿಸ್ಟೆಲ್ಲಾ ಎಂಬ ಪುಟ್ಟ ಹಾವುರಾಣಿಯನ್ನೂ ಇಲ್ಲೇ ನೆನೆಯಬೇಕು. ಕಾಡಿನ ದರಗಿನಡಿ ಬದುಕುವ ಇದರ ಮುಂಗಾಲಲ್ಲಿ ಬೆರಳು ನಾಲ್ಕೇ, ಉಗುರು ಬೇಕೆಂದಾಗ ಒಳಗೆ ಎಳೆದುಕೊಳ್ಳುವಂಥದ್ದು. ಕಾಲು ಪೂರ್ತಿ ಹೋಗುವ ದಾರಿಯಲ್ಲಿ ಎಷ್ಟೊಂದು ತಂಗುದಾಣಗಳಿವೆ ಎಂದು ಇವೆರಡನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ಹೆಜ್ಜೆ 5: ಪೂರ್ತಿ ಕಾಲು ಬಿಟ್ಟವರ ನಕ್ಷೆ ಹಾಕಿಕೊಳ್ಳಿ

ಗುರುತಿಸುವ ಕೆಲಸದಲ್ಲಿ ಊರಿನ ಹೆಸರು ಅರ್ಧ ಉತ್ತರ. ಎಲ್ಲಿ ಯಾವುದು ಇದೆ ಎಂದು ಗೊತ್ತಿದ್ದರೆ ಅಂತರ್ಜಾಲದ ಚಿತ್ರ ನೋಡಿ ಮೋಸಹೋಗುವುದಿಲ್ಲ.

ಭಾರತದಿಂದ ಶುರುಮಾಡಿ. ಒಡಿಶಾದ ಚಿಲಿಕಾ ಸರೋವರದ ನಡುವೆ ಬರ್ಕುಡಾ ಎಂಬ ಪುಟ್ಟ ದ್ವೀಪ. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ಮೊದಲ ನಿರ್ದೇಶಕರಾದ ನೆಲ್ಸನ್ ಆನಂಡೇಲ್ ಅಲ್ಲಿಂದ 1917ರಲ್ಲಿ ವಿವರಿಸಿದ ಕಾಲಿಲ್ಲದ ಹಾವುರಾಣಿಗೆ ಬರ್ಕುಡಿಯಾ ಇನ್ಸುಲಾರಿಸ್ ಎಂದು ಆ ದ್ವೀಪದ ಹೆಸರೇ ಬಂತು. ಅದರ ಸೋದರ ಪ್ರಭೇದ ಬರ್ಕುಡಿಯಾ ಮೆಲನೊಸ್ಟಿಕ್ಟಾ ಆಂಧ್ರದ ವಿಶಾಖಪಟ್ಟಣದ ಕಡೆಯದು. ಇದನ್ನು ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಷ್ನೈಡರ್ 1801ರಲ್ಲೇ ಹೆಸರಿಸಿದ್ದ, ಅವನೂ ಅದನ್ನು ಹಾಕಿದ್ದು ಲಿನ್ನೇಯಸನ ಅದೇ ಆಂಗ್ವಿಸ್ ರಾಶಿಗೆ. ಎರಡಕ್ಕೂ ಹೊರಗೆ ಕಾಲಿನ ಗುರುತೇ ಇಲ್ಲ. ಅದೇ ಪೂರ್ವಘಟ್ಟದಲ್ಲಿ ಸೆಪ್ಸೊಫಿಸ್ ಪಂಕ್ಟಾಟಸ್ ಇದೆ, ಗಮನವಿಟ್ಟು ನೋಡಿದರೆ ಮಾತ್ರ ಕಾಣುವಷ್ಟು ಪುಟ್ಟ ಕಾಲುಗಳದ್ದು. ಮದರಾಸಿನ ಸೇನಾಧಿಕಾರಿಯಾಗಿದ್ದು ಅರಣ್ಯಾಧಿಕಾರಿಯಾದ ಬೆಡೋಮ್ 1870ರಲ್ಲಿ ವಿವರಿಸಿದ ಮೇಲೆ ಶತಮಾನಕ್ಕೂ ಹೆಚ್ಚು ಕಾಲ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ನಮ್ಮ ಕಾಲದಲ್ಲಿ ಮತ್ತೆ ಸಿಕ್ಕಿತು. ಥಾರ್ ಮರುಭೂಮಿಯ ಒಫಿಯೊಮೋರಸ್ ಮರಳಲ್ಲಿ ಈಜುವಂಥದ್ದು, ಅದಕ್ಕೂ ಇರುವುದು ಬೆರಳು ಕಡಿಮೆಯಾದ ಕಿರುಗಾಲು. ಅದರ ಕುಲದ ಗ್ರೀಸ್ ಕಡೆಯ ಪ್ರಭೇದಕ್ಕೆ ಕಾಲೇ ಇಲ್ಲ.

ಶ್ರೀಲಂಕಾದ ನೆಸ್ಸಿಯಾ ಕುಲ ನನಗೆ ಎಲ್ಲಕ್ಕಿಂತ ಪ್ರಿಯ, ಏಕೆಂದರೆ ಕಾಲು ಹೇಗೆ ಹೋಗುತ್ತದೆ ಎಂಬುದನ್ನು ಒಂದೇ ದ್ವೀಪದಲ್ಲಿ, ಒಂದೇ ಕುಲದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೋಡಬಹುದು. ನೆಸ್ಸಿಯಾ ಬರ್ಟನಿಗೆ ಮೂರು ಬೆರಳಿನ ಕಾಲು. ನೆಸ್ಸಿಯಾ ಡಿಡ್ಯಾಕ್ಟಿಲಾಗೆ ಎರಡು. ನೆಸ್ಸಿಯಾ ಮಾನೊಡ್ಯಾಕ್ಟಿಲಾದಲ್ಲಿ ಬೆರಳುಗಳು ಬೇರ್ಪಡದ, ಮೊಗ್ಗಿನಷ್ಟು ಕಾಲು. ನೆಸ್ಸಿಯಾ ಬೈಪಿಸ್‌ಗೆ ಮುಂಗಾಲಿಲ್ಲ, ಹಿಂಗಾಲು ಮಾತ್ರ. ನೆಸ್ಸಿಯಾ ಲೇಯಾರ್ಡಿಗೆ ಒಂದೂ ಇಲ್ಲ. ತೆಂಗಿನ ತೋಟದ ದರಗು, ಕೊಳೆತ ದಿಮ್ಮಿ ಇವುಗಳ ಮನೆ.

ಮಲೆನಾಡಲ್ಲಿ ಮಣ್ಣೊಳಗಿನ ಜಾಗವನ್ನೆಲ್ಲ ಗುರಾಣಿ ಬಾಲದ ಹಾವು, ಸಿಸಿಲಿಯನ್‌ಗಳೇ ಹಿಡಿದಿರುವುದರಿಂದ ಹಾವುರಾಣಿಗೆ ಕಾಲು ಬಿಡುವ ಅವಕಾಶ ಸಿಗಲಿಲ್ಲ ಎಂದು ಕೆಲವರು ಹೇಳುವುದುಂಟು. ಆ ವಾದವನ್ನು ನಾನು ಒಪ್ಪುವುದಿಲ್ಲ. ಶ್ರೀಲಂಕಾದಲ್ಲಿ ಮೂರೂ ಒಂದೇ ಮಣ್ಣಲ್ಲಿವೆ.

ಪೂರ್ವಕ್ಕೆ ಹೋದರೆ ಥಾಯ್ಲೆಂಡ್, ಮ್ಯಾನ್ಮಾರ್ ಕಡೆ ಐಸೊಪ್ಯಾಕಿಸ್, ಮಲಯ ಕಡೆ ಕಿರುಗಾಲಿನ ಲಾರುಟಿಯಾ, ಫಿಲಿಪ್ಪೀನ್ಸಲ್ಲಿ ಬ್ರ್ಯಾಕಿಮೆಲಿಸ್. ಈ ಕೊನೆಯದರಲ್ಲಿ ಐದು ಬೆರಳಿನವೂ ಇವೆ, ಕಾಲೇ ಇಲ್ಲದವೂ ಇವೆ, ಮತ್ತು ಕಳೆದುಕೊಂಡ ಕಾಲನ್ನು ಕೆಲವು ವಂಶಗಳು ಮರಳಿ ಪಡೆದಿವೆ ಎಂಬ ವಾದವನ್ನು ಸಂಶೋಧಕರು ಮುಂದಿಟ್ಟಿದ್ದಾರೆ. ಅದರ ಮೇಲೆ ಚರ್ಚೆ ನಡೆಯುತ್ತಲೇ ಇದೆ.

ಆಸ್ಟ್ರೇಲಿಯಾದ ಲೆರಿಸ್ಟಾ ಒಂದೇ ಕುಲದಲ್ಲಿ 90ಕ್ಕೂ ಹೆಚ್ಚು ಪ್ರಭೇದಗಳು. ಐದು ಬೆರಳಿನ ನಾಲ್ಕು ಕಾಲಿನಿಂದ ಹಿಡಿದು ಪೂರ್ತಿ ಕಾಲಿಲ್ಲದವರೆಗೆ ನಡುವಿನ ಎಲ್ಲ ಹಂತವೂ ಅಲ್ಲಿದೆ. 2008ರಲ್ಲಿ ಪ್ರಕಟವಾದ ವಂಶವೃಕ್ಷದ ಅಧ್ಯಯನವೊಂದು, ಐದು ಬೆರಳಿನ ಕಾಲು ಪೂರ್ತಿ ಮಾಯವಾಗಲು ಅಲ್ಲಿ ಸುಮಾರು 36 ಲಕ್ಷ ವರ್ಷ ಸಾಕಾಗಿದೆ ಎಂದು ತೋರಿಸಿತು. ಭೂಮಿಯ ಲೆಕ್ಕದಲ್ಲಿ ಇದು ತೀರ ಬೇಗ. ಅದಕ್ಕಿಂತ ಮುಖ್ಯವಾದದ್ದು, ಅದೇ ಕುಲದೊಳಗೆ ಬೇರೆ ಬೇರೆ ಕವಲುಗಳು ತಂತಮ್ಮ ಪಾಡಿಗೆ ಕಾಲು ಕಳೆದುಕೊಂಡಿವೆ. ಅಂದರೆ ಲೆರಿಸ್ಟಾದ ಕಾಲಿಲ್ಲದ ಎರಡು ಪ್ರಭೇದಗಳಲ್ಲಿ ಒಂದಕ್ಕೆ ಹತ್ತಿರದ ನೆಂಟ ಇನ್ನೊಂದಾಗಿರದೆ, ಪಕ್ಕದ ಕಾಲಿರುವ ಪ್ರಭೇದವೇ ಆಗಿರಬಹುದು.

ಆಫ್ರಿಕಾದ ದಕ್ಷಿಣದಲ್ಲಿ ಅಕಾಂಟಿಯಾಸ್, ಟಿಫ್ಲೊಸಾರಸ್. ಈ ಗುಂಪಿನಲ್ಲಿ ಎಲ್ಲವೂ ಕಾಲಿಲ್ಲದವೇ. ಅಕಾಂಟಿಯಾಸ್ ಪ್ಲಂಬಿಯಸ್ ಅರ್ಧ ಮೀಟರಿನ ಹತ್ತಿರ ಬೆಳೆಯುವ ದೈತ್ಯ. ಇವು ಮರಿ ಹಾಕುತ್ತವೆ. ಮಧ್ಯ ಆಫ್ರಿಕಾದಲ್ಲಿ ಫೇಲಿನಿಯಾ, ಪೂರ್ವಕ್ಕೆ ಮೆಲಾನೊಸೆಪ್ಸ್.

ಹೆಜ್ಜೆ 6: ಮನೆತನಗಳಿಗೆ ಹಂಚುವುದು

ಹಾವುರಾಣಿಗಳ ಕುಟುಂಬ ಸಿನ್ಸಿಡೇ. 1,700ಕ್ಕೂ ಹೆಚ್ಚು ಪ್ರಭೇದಗಳಿರುವ ಇದು ಹಲ್ಲಿಗಳ ಅತಿ ದೊಡ್ಡ ಕುಟುಂಬಗಳಲ್ಲಿ ಒಂದು. ಕಾಲಿರಲಿ ಬಿಡಲಿ, ಈ ಕುಟುಂಬದ ಗುರುತು ಹೀಗೆ: ಒಂದರ ಮೇಲೊಂದು ಹೆಂಚು ಹೊದಿಸಿದಂತೆ ಕೂತ ದುಂಡಂಚಿನ ನುಣುಪು ಹುರುಪೆ, ಪ್ರತಿ ಹುರುಪೆಯಡಿ ಎಲುಬಿನ ತೆಳು ಫಲಕ, ತಲೆಯ ಮೇಲೆ ಎಡಬಲ ಸರಿಹೊಂದುವ ದೊಡ್ಡ ಫಲಕಗಳು, ತುದಿ ಸ್ವಲ್ಪವೇ ಸೀಳಿದ ಅಗಲ ನಾಲಿಗೆ. ಹಾವಿನ ಹಾಗೆ ಉದ್ದಕ್ಕೆ ಕವಲೊಡೆದ ನಾಲಿಗೆ ಇವಕ್ಕಿಲ್ಲ.

ಒಳಗೆ ಮೂರು ದೊಡ್ಡ ಮನೆಗಳೆಂದು ಇಟ್ಟುಕೊಂಡರೆ ಕೆಲಸ ನಡೆಯುತ್ತದೆ. ಅಕಾಂಟಿನೇ ಎಂಬುದು ದಕ್ಷಿಣ ಆಫ್ರಿಕಾದ ಕಾಲಿಲ್ಲದವರ ಮನೆ. ಸಿನ್ಸಿನೇ ಎರಡನೆಯದು; ಬರ್ಕುಡಿಯಾ, ಸೆಪ್ಸೊಫಿಸ್, ನೆಸ್ಸಿಯಾ, ಒಫಿಯೊಮೋರಸ್, ಫೇಲಿನಿಯಾ, ಬ್ರ್ಯಾಕಿಮೆಲಿಸ್ ಎಲ್ಲ ಇಲ್ಲಿಗೆ ಸೇರುತ್ತವೆ. ಮೂರನೆಯದು ಲೈಗೊಸೋಮಿನೇ, ಲೆರಿಸ್ಟಾ, ಲಾರುಟಿಯಾ, ಐಸೊಪ್ಯಾಕಿಸ್ ಅಲ್ಲಿನವು, ನಮ್ಮ ಅಂಗಳದ ಯೂಟ್ರೋಪಿಸ್, ದರಗಿನ ರಿಯೋಪಾ ಕೂಡ ಅಲ್ಲಿನವೇ. 2014ರಲ್ಲಿ ಹೆಜಸ್ ಎಂಬ ವಿಜ್ಞಾನಿ ಈ ಮನೆಗಳನ್ನು ಇನ್ನೂ ಒಡೆದು ಬೇರೆ ಬೇರೆ ಕುಟುಂಬಗಳೆಂದೇ ಕರೆಯಬೇಕು ಎಂದರು. ಹಲವರು ಒಪ್ಪಿದರು, ಹಲವರು ಹಳೆಯ ಒಂದೇ ಕುಟುಂಬವನ್ನು ಉಳಿಸಿಕೊಂಡರು. ಎರಡು ಕಡೆ ಎರಡು ಹೆಸರು ಕಂಡರೆ ಗಾಬರಿ ಬೇಡ, ಕವಲುಗಳು ಅವೇ, ನಾಮಫಲಕ ಮಾತ್ರ ಬೇರೆ. ರಿಯೋಪಾಗಳು ಕೂಡ 2019ರವರೆಗೆ ಹೆಚ್ಚಾಗಿ ಲೈಗೊಸೋಮಾ ಎಂಬ ಹೆಸರಲ್ಲೇ ಇದ್ದವು.

ಈಗ ನಮ್ಮ ರಿಯೋಪಾವನ್ನೂ ಚಿಲಿಕಾದ ಬರ್ಕುಡಿಯಾವನ್ನೂ ಮನಸ್ಸಿನಲ್ಲಿ ಪಕ್ಕಪಕ್ಕ ಇಡಿ. ಒಂದೇ ದೇಶ, ಒಂದೇ ಥರದ ನೀಳ ಮೈ. ಒಂದಕ್ಕೆ ಮೋಟು ಕಾಲು, ಇನ್ನೊಂದಕ್ಕೆ ಇಲ್ಲ. ಒಂದು ಇನ್ನೊಂದರ ಹಿಂದಿನ ಹಂತವೆಂದು ಕಣ್ಣು ಹೇಳುತ್ತದೆ. ಮೇಲಿನ ಹಂಚಿಕೆ ನೋಡಿ: ಅವು ಬೇರೆ ಬೇರೆ ಮನೆಯವು. ರಿಯೋಪಾಕ್ಕೆ ಹತ್ತಿರದ್ದು ಅಂಗಳದ ದಪ್ಪ ಹಾವುರಾಣಿಯೇ ಹೊರತು ಬರ್ಕುಡಿಯಾ ಅಲ್ಲ.

ಹಾವುರಾಣಿಗಳೇ ಅಲ್ಲದ ಕಾಲಿಲ್ಲದ ಹಲ್ಲಿಗಳೂ ಇವೆ, ಅವನ್ನೂ ಪಕ್ಕಕ್ಕಿಡಬೇಕು. ನಿಕೋಬಾರಿನ ಡಿಬಾಮಸ್, ಈಶಾನ್ಯ ಭಾರತದ ಡೋಪೇಸಿಯಾ, ಯುರೋಪಿನ ಆಂಗ್ವಿಸ್, ಆಸ್ಟ್ರೇಲಿಯಾದ ಪೈಗೊಪೊಡಿಡೇ. ಈ ಕೊನೆಯವು ನಮ್ಮ ಗೋಡೆಯ ಹಲ್ಲಿಯ ಬಳಗ. ಬಾಲ ನೋಡಿದರೆ ಬದುಕಿನ ರೀತಿಯೂ ತಿಳಿಯುತ್ತದೆ: ಹುಲ್ಲಿನ ನಡುವೆ ನೆಲದ ಮೇಲೆ ಹರಿಯುವ ಡೋಪೇಸಿಯಾದಂಥವಕ್ಕೆ ಬಾಲ ಮೈಗಿಂತ ಉದ್ದ, ಮಣ್ಣು ಕೊರೆಯುವವಕ್ಕೆ ಬಾಲ ಗಿಡ್ಡ.

ಹೆಜ್ಜೆ 7: ದಾಖಲೆ

ಫೋಟೊ ಎಷ್ಟು ಚೆಂದ ಬಂದಿದೆ ಎನ್ನುವುದಕ್ಕಿಂತ ಏನು ಕಾಣುತ್ತಿದೆ ಎನ್ನುವುದು ಮುಖ್ಯ. ತಲೆ ಪಕ್ಕದಿಂದ (ಕಣ್ಣು, ಕಿವಿ, ತುಟಿಯ ಹುರುಪೆ), ತಲೆ ಮೇಲಿನಿಂದ, ನಡುಮೈ, ಬಾಲದ ತುದಿ, ಇಡೀ ಮೈ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಅಥವಾ ಅಳತೆಪಟ್ಟಿ. ಹೊಟ್ಟೆಯ ಚಿತ್ರ ಸಿಗುವುದು ಕಷ್ಟ. ವಿಷದ್ದಲ್ಲ ಎಂದು ಖಾತ್ರಿಯಾದ ಮೇಲೆ, ಹಾಳೆಯಿಂದಲೇ ಅದನ್ನು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಜಾರಿಸಿ, ಕೆಳಗಿನಿಂದ ಫೋಟೊ ತೆಗೆದು, ಒಂದೆರಡು ನಿಮಿಷದಲ್ಲಿ ಸಿಕ್ಕಿದ ಜಾಗದಲ್ಲೇ ದರಗಿನಡಿ ಬಿಡಿ. ಡಬ್ಬಿಯ ತಳದಲ್ಲಿ ಒಂದು ಒದ್ದೆ ಎಲೆ ಇರಲಿ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಿಡಿದಿಟ್ಟುಕೊಳ್ಳುವುದು, ಬಾಟಲಿಯಲ್ಲಿ ತುಂಬಿಡುವುದು ಬೇಡವೇ ಬೇಡ.

ಸತ್ತು ಬಿದ್ದದ್ದೂ ಉಪಯೋಗಕ್ಕೆ ಬರುತ್ತದೆ. ಮಳೆಗಾಲದ ಬೆಳಗ್ಗೆ ಆಗುಂಬೆ, ಹುಲಿಕಲ್ ಘಾಟಿಯ ರಸ್ತೆಯಲ್ಲಿ ಗಾಡಿಯಡಿ ಸಿಕ್ಕ ಗುರಾಣಿ ಬಾಲದ ಹಾವು, ಸಿಸಿಲಿಯನ್ ಕಂಡರೆ ಅದರ ಫೋಟೊ, ಜಾಗ, ತಾರೀಖು ದಾಖಲಿಸಿ. ಮಣ್ಣೊಳಗಿನ ಜೀವಿಗಳ ವಿಷಯದಲ್ಲಿ ಇಂಥ ದಾಖಲೆಗಳಿಗೆ ನಿಜವಾದ ಬೆಲೆಯಿದೆ.

ಬರೆದುಕೊಳ್ಳಬೇಕಾದದ್ದು: ಊರು, ತೋಟವೋ ಸೊಪ್ಪಿನಬೆಟ್ಟವೋ ಗದ್ದೆಯಂಚೋ, ಮಣ್ಣು ಎಷ್ಟು ಒದ್ದೆ, ಎಷ್ಟು ಆಳದಲ್ಲಿ, ಯಾವುದರ ಅಡಿ, ಹಿಂದಿನ ದಿನ ಮಳೆ ಬಂದಿತ್ತೋ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣಕ್ಕೆ ಹಾಕಿದರೆ ಬಲ್ಲವರು ನೋಡುತ್ತಾರೆ. ‘ಹಾವುರಾಣಿ’ ಎಂದು ಖಚಿತವಿಲ್ಲದಿದ್ದರೆ ‘ಸರೀಸೃಪ’ ಎಂದಷ್ಟೇ ಬರೆಯಿರಿ, ಅಷ್ಟೂ ಖಚಿತವಿಲ್ಲದಿದ್ದರೆ ‘ಬೆನ್ನೆಲುಬಿನ ಪ್ರಾಣಿ’ ಎಂದರೂ ಸರಿ.

ತೋಟದವರಿಗೆ ಒಂದು ಮಾತು. ಅಗತೆ ಮಾಡುವಾಗ ಮೊದಲು ಸೋಗೆ, ದರಗು ಒಂದು ಪಕ್ಕಕ್ಕೆ ಎಳೆದು ಸ್ವಲ್ಪ ಹೊತ್ತು ಬಿಟ್ಟರೆ ಮೇಲ್ಪದರದಲ್ಲಿದ್ದವು ಸರಿದುಹೋಗುತ್ತವೆ. ಬಸಿಗಾಲುವೆಯ ಅಂಚಿಗೆ ಕಳೆನಾಶಕ ಹೊಡೆಯುವುದನ್ನು ಬಿಡಿ, ಚರ್ಮದಿಂದಲೇ ನೀರು ಹೀರುವ ಸಿಸಿಲಿಯನ್ ಇರುವುದು ಅಲ್ಲೇ.

ಮೇಲಿನ ಎಲ್ಲ ಹೆಜ್ಜೆ ದಾಟಿಯೂ, ರೆಪ್ಪೆ ಮಿಟುಕಿಸುವ, ಹೊಟ್ಟೆ ತುಂಬ ಸಣ್ಣ ಹುರುಪೆಯ, ಎಷ್ಟು ದೊಡ್ಡದು ಮಾಡಿ ನೋಡಿದರೂ ಕಾಲಿನ ಮೊಗ್ಗು ಕೂಡ ಕಾಣದ ಹಾವುರಾಣಿ ಮಲೆನಾಡಿನ ನಿಮ್ಮ ತೋಟದಲ್ಲಿ ಕಂಡಿತು ಅನ್ನಿ. ಆಗ ಎರಡೂ ಪಕ್ಕದಿಂದ ಕುತ್ತಿಗೆಯ ಹಿಂದಿನ ಮತ್ತು ಗುದದ್ವಾರದ ಮುಂದಿನ ಭಾಗದ ಸ್ಪಷ್ಟ ಫೋಟೊಗಳನ್ನು, ಜಾಗದ ಗುರುತಿನ ಸಮೇತ, ಕುವೆಂಪು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೋ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಗೋ ಅದೇ ದಿನ ಕಳಿಸಿ. ಸಿಕ್ಕಿದ ಜಾಗಕ್ಕೆ ಒಂದು ಗೂಟ ನೆಟ್ಟು, ಅವರು ಬಂದು ನೋಡುವವರೆಗೆ ಅಲ್ಲಿನ ದರಗು ಕೆದಕದೆ ಹಾಗೆಯೇ ಬಿಡಿ.